ಮಲಗುವ ಸೈಕಲ್ಲಿಗೆ ಮನೆತನ ವಿಚಾರಿಸಿದ್ದು

ನಮ್ಮ ಸೋದರಮಾವ ಚೆನ್ನೈಯ ನಡುರಸ್ತೆಯಲ್ಲಿ ಮಲಗಿಕೊಂಡು ಓಡಾಡುತ್ತಾರೆ. ಗಾಬರಿಯಾಗಬೇಡಿ, ಅವರು ಕಾಫಿಗಿಂತ ಹೆಚ್ಚಿನದೇನನ್ನೂ ಕುಡಿಯುವವರಲ್ಲ! ಹಾಡಹಗಲಲ್ಲಿ, ಪೂಜೆ ಮುಗಿಸಿ, ಹಣೆಯಲ್ಲಿ ಅಂಗಾರ ಅಕ್ಷತೆ, ಅದರ ಮೇಲೆ ಹೆಲ್ಮೆಟ್ಟು, ಇಷ್ಟು ಸಮೇತವೇ ಮಲಗುತ್ತಾರೆ. ಮಲಗಿದಲ್ಲಿಂದಲೇ ಅಣ್ಣಾ ನಗರದ ಸಿಗ್ನಲ್ಲಿನಲ್ಲಿ ಗಂಭೀರವಾಗಿ ಕೈ ಚಾಚಿ ಬಲಕ್ಕೆ ತಿರುಗುತ್ತಾರೆ. ಹಿಂದೆ ಬರುವ ಬಸ್ಸಿನ ಡ್ರೈವರು ಬ್ರೇಕ್ ಹಾಕಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಯ್ಯಲು ಬಾಯಿ ತೆರೆದು, ಏನೆಂದು ಬಯ್ಯಬೇಕೋ ತಿಳಿಯದೆ ಹಾಗೇ ಮುಚ್ಚಿಕೊಳ್ಳುತ್ತಾನೆ.

ವಿಷಯ ಇಷ್ಟೇ. ಅವರದು ಮಲಗುವ ಸೈಕಲ್ಲು. ನೀವು ನೋಡಿಲ್ಲದಿದ್ದರೆ ಹೀಗೆ ಊಹಿಸಿಕೊಳ್ಳಿ. ತಾತಂದಿರು ಪೇಪರ್ ಓದುವ ಆರಾಮಕುರ್ಚಿಗೆ ಚಕ್ರ ಬಂದಿದೆ. ಪೆಡಲು ಕಾಲ ಕೆಳಗಿರುವ ಬದಲು ಮುಂದಕ್ಕೆ ಚಾಚಿದ ಪಾದಗಳ ತುದಿಯಲ್ಲಿದೆ. ಹ್ಯಾಂಡಲು ತೊಡೆಯ ಪಕ್ಕದಲ್ಲಿದೆ. ಬೆನ್ನು ಒರಗಿಸಿ, ಕಾಲು ನೀಡಿ, ಅರ್ಧ ರಸ್ತೆ ಅರ್ಧ ಆಕಾಶ ನೋಡುತ್ತಾ ತುಳಿಯುವುದು. ನಮ್ಮ ಮಾವನದು ಇನ್ನೂ ಒಂದು ಕೈ ಮೇಲು. ಮೂರು ಚಕ್ರ, ಎರಡು ಸೀಟು, ಒಂದರ ಹಿಂದೊಂದು. ಹಿಂದಿನ ಸೀಟಿಗೂ ಪೆಡಲು ಉಂಟು. ಹಿಂದಿನವರು ತುಳಿದರೂ ಸರಿ, ಪಾದ ಇಟ್ಟುಕೊಂಡು ಸುಮ್ಮನೆ ಕುಳಿತರೂ ಸರಿ, ಮುಂದಿನವರ ಪೆಡಲಿಗೂ ಅದಕ್ಕೂ ಸಂಬಂಧವಿಲ್ಲ. ಮಾವ ಹಾಗೆಯೇ ಬೇಕೆಂದು ಹೇಳಿ ಮಾಡಿಸಿದ್ದು.

ಇಂಥದೊಂದು ಸೈಕಲ್ಲು ನಮ್ಮ ಮನೆತನದೊಳಗೆ ಬಂದದ್ದಾದರೂ ಹೇಗೆ? ಅದಕ್ಕೆ ಮೊದಲು ಮಾವನ ಕಸುಬು ತಿಳಿದಿರಬೇಕು.

ಮಾವ ಪೆರಂಬೂರಿನಲ್ಲಿ ರೈಲು ಬೋಗಿಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದವರು. ಬೆಸುಗೆ ಹಾಕಿದ ಜಾಗವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ, ತಲೆ ವಾಲಿಸಿ, ಬಂದ ಶಬ್ದ ಕೇಳಿ, ಪಾಸೋ ಫೇಲೋ ಹೇಳುತ್ತಿದ್ದರಂತೆ. ನಿವೃತ್ತರಾದ ದಿನ ಸುತ್ತಿಗೆ ವಾಪಸ್ ಕೊಟ್ಟು ಬಂದರು, ತಟ್ಟುವುದನ್ನು ಮಾತ್ರ ಮನೆಗೆ ತಂದರು! ಬೆರಳ ಗೆಣ್ಣಿನಿಂದ ಕುಂಬಳಕಾಯಿ ತಟ್ಟಿದರು, ಬೀರು ತಟ್ಟಿದರು, ನನ್ನ ತಮ್ಮನ ಮದುವೆಯ ಮಂಟಪದ ಕಂಬ ತಟ್ಟಿ ಪುರೋಹಿತರಿಗೆ "ಸ್ವಲ್ಪ ಈ ಕಡೆ ಕೂತ್ಕೊಳಿ" ಎಂದರು. ನನ್ನ ಗಂಡ ಮೊದಲ ಸಲ ನಮ್ಮ ಮನೆಗೆ ಬಂದಾಗ ಅವರ ಬೆನ್ನನ್ನೂ ಎರಡು ಸಲ ತಟ್ಟಿ, "ಪರವಾಯಿಲ್ಲ, ಗಟ್ಟಿ ಇದಾರೆ" ಎಂದು ಪಾಸು ಮಾಡಿದ್ದರು. ಆಮೇಲೆ ನನಗೆ ಅದರಲ್ಲಿ ಅನುಮಾನ ಬಂದದ್ದುಂಟು, ಇರಲಿ.

ತಟ್ಟುವುದಕ್ಕಿಂತ ದೊಡ್ಡ ಹುಚ್ಚು ಇನ್ನೊಂದಿದೆ. ಸಾಮಾನಿಗಿಂತ ಅದನ್ನು ಮಾಡಿದವರ ಹೆಸರು ಹೇಗಿದೆ ಎಂಬುದು ಮಾವನಿಗೆ ಮುಖ್ಯ. ಒಮ್ಮೆ ಮಿಕ್ಸಿ ಕೊಳ್ಳಲು ಅವರ ಜೊತೆ ಹೋಗಿ ನಾನು ಪಟ್ಟ ಪಾಡು ಹೇಳಲಾರೆ. ಕಂಪನಿಯ ಯಜಮಾನರು ಯಾರು, ಮಕ್ಕಳು ಬುದ್ಧಿವಂತರೇ, ಅಣ್ಣತಮ್ಮಂದಿರು ಒಟ್ಟಿಗಿದ್ದಾರೋ ಪಾಲಾಗಿದ್ದಾರೋ ಎಂದೆಲ್ಲ ಕೇಳತೊಡಗಿದರು. ಅಂಗಡಿಯವನು ಬೆವರು ಒರೆಸಿಕೊಂಡು, "ಸಾರ್, ನೀಂಗ ಮಿಕ್ಸಿ ವಾಂಗ ವಂದೀಂಗಳಾ, ಪೊಣ್ಣು ಕೊಡುಕ್ಕ ವಂದೀಂಗಳಾ?" ಎಂದ. ಮಿಕ್ಸಿ ಕೊಳ್ಳಲು ಬಂದಿರೋ, ಹೆಣ್ಣು ಕೊಡಲು ಬಂದಿರೋ ಎಂಬ ಅವನ ಪ್ರಶ್ನೆ ನ್ಯಾಯವಾದದ್ದೇ ತಾನೆ? ಮಾವ ತಮಿಳಿನಲ್ಲೇ ಉತ್ತರಿಸಿದರು, ಹೆಣ್ಣು ಕೊಡುವುದಾದರೆ ಇಷ್ಟು ಕೇಳುತ್ತಿರಲಿಲ್ಲ, ಹೊಂದಿಕೆಯಾಗದಿದ್ದರೆ ಮಗಳು ವಾಪಸ್ ಮನೆಗೆ ಬರುತ್ತಾಳೆ, ಮಿಕ್ಸಿಯನ್ನು ನೀನು ವಾಪಸ್ ತೆಗೆದುಕೊಳ್ಳುತ್ತೀಯಾ ಎಂದು! ಅವತ್ತು ನಾವು ಮಿಕ್ಸಿ ಇಲ್ಲದೆ ಮನೆಗೆ ಬಂದೆವು.

ಇನ್ನು ಅತ್ತೆ. ಅತ್ತೆ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು. ಯಾರ ಮನೆಯ ನಾಮಕರಣವಾಗಲಿ, ಎಲ್ಲಿ ಭಜನೆಯಾಗಲಿ, ಮುಂದಿನ ಸಾಲಿನಲ್ಲಿ ಅತ್ತೆ. ವಡಪಳನಿ ಮುರುಗನ ಗುಡಿಗಂತೂ ತವರುಮನೆಗೆ ಹೋದಂತೆ ಹೋಗುತ್ತಿದ್ದರು. "ಮಧ್ವರ ಮನೆಯವಳಿಗೆ ಅಷ್ಟು ಮುರುಗ ಯಾಕೆ?" ಎಂದು ಯಾರಾದರೂ ಕೆಣಕಿದರೆ, "ನಮ್ಮ ಸುಬ್ರಹ್ಮಣ್ಯ ತಾನೇ ಅವನು? ಚೆನ್ನೈಗೆ ಬಂದು ಹೆಸರು ಬದಲಾಯಿಸ್ಕೊಂಡಿದಾನೆ" ಎನ್ನುತ್ತಿದ್ದರು. ಅಂಥ ಅತ್ತೆಗೆ ಕಿವಿಯೊಳಗೆ ಏನೋ ಕೆಟ್ಟು ತಲೆಸುತ್ತು ಶುರುವಾಯಿತು. ಎದ್ದು ನಿಂತರೆ ಮನೆಯೇ ಗಿರ್ರೆಂದು ತಿರುಗುತ್ತಿತ್ತು. ಆಟೋ ಹತ್ತಿದರೆ ಅದರ ಕುಲುಕಾಟಕ್ಕೆ ಪ್ರಾಣವೇ ಬಾಯಿಗೆ ಬರುತ್ತಿತ್ತು. ಒಂದು ದಿನ ನಡುಮನೆಯಲ್ಲಿ ಬಿದ್ದುಬಿಟ್ಟರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ, ಆದರೆ ಮಾವನ ಧೈರ್ಯ ಮುರಿಯಿತು.

ಅಂದಿನಿಂದ ಮಾವ ಅತ್ತೆಯನ್ನು ಗಾಜಿನ ಸಾಮಾನಿನಂತೆ ನೋಡತೊಡಗಿದರು. ಅಡುಗೆ ತಾವೇ, ಬಟ್ಟೆ ತಾವೇ, ದೇವರಿಗೆ ಹೂವೂ ತಾವೇ. ಅತ್ತೆ ಎದ್ದರೆ ಓಡಿ ಬರುವುದು, ಬಗ್ಗಿದರೆ ಕೂಗುವುದು. ಒರಗಿ ಕುಳಿತರೆ ತಲೆ ಸುತ್ತುವುದಿಲ್ಲ, ಹೊರಗೆ ಗಾಳಿಗೆ ಹೋಗಿ ಬಂದರೆ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರು. ಸರಿ, ಗಾಲಿಕುರ್ಚಿ ತಂದರು. ಅತ್ತೆ ಜಪ್ಪಯ್ಯ ಎಂದರೂ ಅದರಲ್ಲಿ ಕೂರಲಿಲ್ಲ. "ನಾನು ತಳ್ಳಿಸ್ಕೊಂಡು ಹೋಗೋವಳಲ್ಲ" ಎಂದು ಒಂದೇ ಮಾತು. ಬಾಲ್ಕನಿಯಲ್ಲಿ ಒರಗಿಕೊಂಡು ಬೀದಿ ನೋಡುತ್ತಾ ಕುಳಿತುಬಿಟ್ಟರು. ನಾನು ಪಕ್ಕದ ಬೀದಿಯವಳು, ದಿನವೂ ಬ್ಯಾಂಕಿನಿಂದ ಬರುವಾಗ ಅವರ ಮನೆಗೆ ಒಂದು ಹೆಜ್ಜೆ ಹಾಕಿಯೇ ಬರುವುದು. ಮೊದಲಾದರೆ ಊರ ಸುದ್ದಿಯನ್ನೆಲ್ಲ ಕೆದಕಿ ಕೆದಕಿ ಕೇಳುತ್ತಿದ್ದ ಅತ್ತೆ, ಈಗ ಏನನ್ನೂ ಕೇಳದಾದರು. ನಮಗೆ ನಿಜವಾಗಿ ಭಯವಾದದ್ದು ಆಗ. ಹೇಗಾದರೂ ಮಾಡಿ ಅವರನ್ನು ಬೀದಿಗಿಳಿಸಬೇಕಿತ್ತು.

ಆಗಲೇ ಮಾವ ಫೋನಿನಲ್ಲಿ ಎಲ್ಲೋ ಮಲಗುವ ಸೈಕಲ್ಲು ನೋಡಿದ್ದು. ಒರಗಿ ಕೂರುವ ಸೀಟು, ಬೀಳಲು ಸಾಧ್ಯವಿಲ್ಲದ ಮೂರು ಚಕ್ರ! ಬೇರೆ ಯಾರಾದರೂ ಆಗಿದ್ದರೆ ಅವತ್ತೇ ತರಿಸಿಬಿಡುತ್ತಿದ್ದರು. ಮಾವ ಕನ್ನಡಕ ಒರೆಸಿಕೊಂಡು ಕಂಪನಿಗಳ ಮನೆತನ ವಿಚಾರಿಸಲು ಕುಳಿತರು.

ಜಗತ್ತಿನ ಮಲಗುವ ಸೈಕಲ್ಲಿಗರೆಲ್ಲ ಸೇರಿ ಹರಟೆ ಹೊಡೆಯುವ ಜಾಲತಾಣವೊಂದಿದೆ. ಮಾವ ಅದರ ಸದಸ್ಯರಾದರು. ಗಂಡಿನ ಕಡೆಯವರನ್ನು ವಿಚಾರಿಸುವ ಕ್ರಮ ನಮ್ಮಲ್ಲಿ ಹೇಗಿದೆ? ಗಂಡಿನ ಅಪ್ಪನನ್ನು ಯಾರೂ ಕೇಳುವುದಿಲ್ಲ. ಎದುರುಮನೆಯವರನ್ನು, ಅವರ ಮನೆ ಬಿಟ್ಟುಹೋದ ಅಡುಗೆಯವರನ್ನು, ಅವರೊಂದಿಗೆ ಮಾತು ಬಿಟ್ಟ ನೆಂಟರನ್ನು ಹುಡುಕಿ ಕೇಳುತ್ತೇವೆ. ಮಾವನದೂ ಅದೇ ದಾರಿ. ಕಂಪನಿಯ ಜಾಹೀರಾತನ್ನು ಕಣ್ಣೆತ್ತಿಯೂ ನೋಡಲಿಲ್ಲ. ಆ ಕಂಪನಿಯ ಸೈಕಲ್ಲು ಕೊಂಡು ಮಾರಿದವರನ್ನು ಹುಡುಕಿ, "ಯಾಕೆ ಮಾರಿದಿರಿ?" ಎಂದು ಕೇಳಿದರು. ಒಂದು ಕಂಪನಿಯ ಬಗ್ಗೆ ಅದರ ಎದುರಾಳಿ ಕಂಪನಿಯನ್ನೇ ಕೇಳಿದರು!

ಸಂಜೆ ನಾನು ಹೋದರೆ ವರದಿ ಸಿದ್ಧ.

"ಅದು ಬೇಡ ಕಣೇ. ಕೆಲಸ ಗಟ್ಟಿ, ಆದ್ರೆ ಯಜಮಾನರು ಮುಂಗೋಪಿ. ಏನಾದ್ರೂ ಕೇಳಿದ್ರೆ ಸಿಡುಕ್ತಾರಂತೆ."

"ಹಾಗಾದ್ರೆ ಆ ಕೆಂಪು ಬಣ್ಣದ್ದು?"

"ಅಯ್ಯೋ, ಅದಾ? ಹೆಸರು ಮಾತ್ರ ಇವರ್ದು. ಪೈಪು ಬೇರೆ ಕಡೆ ಬೆಸುಗೆ ಹಾಕಿಸ್ತಾರೆ. ಕ್ಯಾಟರಿಂಗ್ ಊಟ ತರಿಸಿ, ನಾನೇ ಮಾಡ್ದೆ ಅಂತ ಬಡಿಸಿದ ಹಾಗೆ."

"ಅದರ ಪಕ್ಕದ್ದು?"

"ದೊಡ್ಡ ಮನೆತನ. ಆದ್ರೆ ಮಕ್ಕಳು ಮಾರ್ಕೊಂಡ್ಬಿಟ್ರು. ಈಗಿನವರಿಗೆ ಸೈಕಲ್ ತುಳಿಯೋಕೇ ಬರಲ್ವಂತೆ!"

ಹೀಗೆ ಬಂದ ಸಂಬಂಧಗಳೆಲ್ಲ ಮುರಿದುಬೀಳುತ್ತಿದ್ದವು. ಕೊನೆಗೆ ಡಚ್ಚರ ದೇಶದ ಹಳ್ಳಿಯೊಂದರ ಪುಟ್ಟ ಕಂಪನಿ ಮಾವನ ಕಣ್ಣಿಗೆ ಬಿತ್ತು. ಅಪ್ಪ, ಅಮ್ಮ, ಮಗಳು, ಇಷ್ಟೇ ಕಂಪನಿ. ನಿಧಾನಸ್ಥರು, ಹೇಳಿದ ದಿನಕ್ಕೆ ಎಂದೂ ಕಳಿಸಿದವರಲ್ಲ, ಆದರೆ ಅವರ ಬೆಸುಗೆ ಬಿಟ್ಟಿತೆಂದು ಇದುವರೆಗೆ ಯಾರೂ ದೂರಿದ್ದಿಲ್ಲ. ಮಾವ ಎಷ್ಟು ಕೆದಕಿದರೂ ಸಿಕ್ಕಿದ ದೂರು ಒಂದೇ, ಗಂಟೆಯ ಶಬ್ದ ಸಣ್ಣದು ಎಂದು. ಮಾವ ಅದನ್ನು ಓದಿ, ಹುಡುಗನಿಗೆ ಗೊರಕೆ ಬಿಟ್ಟರೆ ಬೇರೇನೂ ದುರಭ್ಯಾಸವಿಲ್ಲ ಎಂದು ತಿಳಿದ ಹೆಣ್ಣಿನ ತಂದೆಯ ಹಾಗೆ ಬೀಗಿದರು.

ಗಂಡು ಗೊತ್ತಾಯಿತು, ಹೆಣ್ಣು ಒಪ್ಪಬೇಕಲ್ಲ! ಚಿತ್ರ ನೋಡುತ್ತಲೇ ಅತ್ತೆ ಮುಖ ತಿರುಗಿಸಿದರು.

"ಕಾಲು ಮುಂದೆ ಮಾಡ್ಕೊಂಡು, ಮಲಗ್ಕೊಂಡು ಮನೆಯಿಂದ ಹೋಗೋದು ಒಂದೇ ಸಲ. ಅದಕ್ಕಿನ್ನೂ ಟೈಮ್ ಇದೆ."

ಮಾವನ ಮುಖ ಸಣ್ಣದಾಯಿತು. ಆದರೂ ಪಟ್ಟು ಬಿಡದೆ, ಒಮ್ಮೆ ಅವರೊಂದಿಗೆ ಮಾತಾಡಿ ಆಮೇಲೆ ಬೇಡ ಎನ್ನು ಎಂದು ಗೋಗರೆದು, ಒಂದು ಭಾನುವಾರ ಸಂಜೆ ವಿಡಿಯೋ ಕರೆ ಏರ್ಪಡಿಸಿದರು. ನಾನು ಹೋಗಿ ನೋಡುತ್ತೇನೆ, ಮನೆಯಲ್ಲಿ ಕೇಸರಿಭಾತು, ಬಜ್ಜಿ! ಹೆಣ್ಣು ನೋಡುವ ಶಾಸ್ತ್ರಕ್ಕೆ ಮಾಡುವ ತಿಂಡಿ ಬಿಟ್ಟು ಬೇರೊಂದು ಅವರಿಗೆ ತೋಚಿರಲಿಲ್ಲ. ನೋಡಲು ಬರುವವರು ಕಂಪ್ಯೂಟರಿನೊಳಗಿದ್ದಾರೆ, ತಿನ್ನುವವರು ಯಾರು ಎಂದರೆ, "ತಟ್ಟೆ ಎದುರಿಗಿದ್ರೆ ಮಾತು ಸರಿಯಾಗಿ ಬರುತ್ತೆ" ಎಂದರು.

ತೆರೆಯ ಮೇಲೆ ಆ ಕಂಪನಿಯ ಮಗಳು ಬಂದಳು. ಕೈಗೆಲ್ಲ ಗ್ರೀಸು. ಮಾವ ಬೆಸುಗೆಯ ವಿಷಯ ತೆಗೆಯುವಷ್ಟರಲ್ಲಿ ಅತ್ತೆ ಅಡ್ಡ ಬಾಯಿ ಹಾಕಿದರು.

"ಏನಮ್ಮಾ, ನಿಮ್ಮನೇಲಿ ಈ ಗಾಡಿ ಇದೆಯಾ? ಯಾರು ಮುಂದೆ ಕೂರ್ತಾರೆ, ಕೇಳ್ರೀ ಅವಳನ್ನ."

ಮಾವ ಇಂಗ್ಲಿಷಿನಲ್ಲಿ ಕೇಳಿದರು. ಹುಡುಗಿ ನಕ್ಕು, ಅಮ್ಮ ಮುಂದೆ, ಅಪ್ಪ ಹಿಂದೆ ಎಂದಳು. ಅಪ್ಪ ಹಿಂದೆ ಕುಳಿತು ಬರೀ ದಾರಿ ಹೇಳುತ್ತಾರಂತೆ, ಪೆಡಲು ಮುಟ್ಟುವುದಿಲ್ಲವಂತೆ! ಅತ್ತೆ ಬಹಳ ದಿನಗಳ ಮೇಲೆ ಗಟ್ಟಿಯಾಗಿ ನಕ್ಕರು. ಬಜ್ಜಿಯ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡು, "ಒಳ್ಳೆ ಮನೆ. ತರಿಸಿ" ಎಂದರು. ಮಾವ ಅಷ್ಟು ದಿನ ಕಣ್ಣು ನೋಯಿಸಿಕೊಂಡು ಸಂಪಾದಿಸಿದ್ದ ವಿಚಾರಗಳನ್ನೆಲ್ಲ ಯಾರು ಕೇಳಿದರು!

ಗಾಡಿ ಬಂತು, ಅವರ ಹೆಸರಿಗೆ ತಕ್ಕಂತೆ ತಡವಾಗಿಯೇ ಬಂತು. ಮಾವ ಅದನ್ನು ಇಂಚು ಇಂಚಾಗಿ ತಟ್ಟಿ ಪಾಸು ಮಾಡಿದರು. ಒಂದು ಮುಂಜಾನೆ ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಒರಗಿಸಿ, ಕುತ್ತಿಗೆಗೆ ದಿಂಬು ಕೊಟ್ಟು, ನೀನು ಏನೂ ಮಾಡಬೇಡ, ಪಾದ ಇಟ್ಟುಕೊಂಡು ಸುಮ್ಮನಿರು ಎಂದು ಎಚ್ಚರಿಸಿ ಹೊರಟರು. ಕಾವಲಿಗೆ ಹಿಂದೆ ನನ್ನ ಸ್ಕೂಟರು. ಮನೆಮನೆಯ ಬಾಲ್ಕನಿಗಳಿಂದ ತಲೆಗಳು ಹೊರಬಂದವು. ಎದುರುಮನೆಯ ಮಾಮಿ ರಂಗೋಲಿ ಅರ್ಧಕ್ಕೆ ಬಿಟ್ಟು, "ಎನ್ನ ಮಾಮಿ, ರಾಣಿ ಮಾದಿರಿ ಪೋರೀಂಗ!" ಎಂದು ಕೂಗಿದರು. ರಾಣಿಯ ಹಾಗೆ ಹೋಗುತ್ತಿದ್ದೀರಿ ಎಂದದ್ದೇ ತಡ, ಅತ್ತೆ ಸೆರಗು ಸರಿಮಾಡಿಕೊಂಡು ಕೈ ಬೀಸಿದರು. ತಲೆ ಸುತ್ತಲಿಲ್ಲ. ಮರುದಿನ ಮಾವನಿಗಿಂತ ಮೊದಲು ಅವರೇ ಸಿದ್ಧವಾಗಿ ಕುಳಿತಿದ್ದರು.

ಸಿಗ್ನಲ್ಲಿನ ಪೊಲೀಸಿನವರು ಮೊದಲ ಸಲ ನೋಡಿದಾಗ ಬಗ್ಗಿ, ಕನಿಕರದಿಂದ, "ಎನ್ನ ಸಾರ್, ಉಡಂಬು ಸರಿ ಇಲ್ಲಿಯಾ?" ಎಂದು ಮೈ ಹುಷಾರಿಲ್ಲವೇ ಎಂಬಂತೆ ಕೇಳಿದರು. ಮಾವ ಮಲಗಿದ್ದಲ್ಲಿಂದಲೇ, ನನ್ನ ಮೈ ಚೆನ್ನಾಗಿದೆ, ನಿಮ್ಮ ಬೂಟಿನ ಹೊಲಿಗೆ ಬಿಟ್ಟಿದೆ, ಯಾವ ಕಂಪನಿಯದು ಎಂದು ವಿಚಾರಿಸಿದರು. ಅಷ್ಟು ಕೆಳಗಿನಿಂದ ನೋಡಿದರೆ ಕಾಣುವುದು ಅದೇ ತಾನೇ!

ಕ್ರಮೇಣ ಅತ್ತೆಗೆ ಅಣ್ಣಾ ನಗರ ಸಾಲದಾಯಿತು. ವಡಪಳನಿಗೆ ಹೋಗೋಣ ಎಂದರು. ದಾರಿಯಲ್ಲಿ ಒಂದು ಮೇಲ್ಸೇತುವೆ ಸಿಗುತ್ತದೆ. ಮಾವನ ವಯಸ್ಸು, ಅತ್ತೆಯ ತೂಕ, ಸೇತುವೆಯ ಏರು ಇವನ್ನೆಲ್ಲ ನೆನೆದು ನಾನು ಸ್ಕೂಟರನ್ನು ಗಾಡಿಯ ಬೆನ್ನಿಗೇ ತಂದೆ. ಆದರೆ ಗಾಡಿ ಸರಾಗವಾಗಿ ಹತ್ತುತ್ತಿದೆ! ಮಾವ ಮುಂದಿನಿಂದ ಕೂಗುತ್ತಿದ್ದಾರೆ, "ನೋಡಿದ್ಯಾ ಕಂಪನಿ! ಎಂಥಾ ಕಂಪನಿ! ನಾನು ತುಳೀತಾನೇ ಇಲ್ಲ, ತಾನಾಗೇ ಹೋಗ್ತಿದೆ!"

ನಾನು ಸ್ಕೂಟರನ್ನು ಪಕ್ಕಕ್ಕೆ ತಂದು ನೋಡಿದೆ. ಅತ್ತೆಯ ಸೀರೆಯ ನೆರಿಗೆಯ ಕೆಳಗೆ ಪಾದಗಳೆರಡೂ ಸುತ್ತುತ್ತಿದ್ದವು. ಸುಮ್ಮನೆ ಸುತ್ತುವುದಲ್ಲ, ಹಲ್ಲು ಕಚ್ಚಿಕೊಂಡು, ಸೀಟಿನ ಅಂಚು ಹಿಡಿದುಕೊಂಡು, ಮೈಯ ಬಲವನ್ನೆಲ್ಲ ಹಾಕಿ ತುಳಿಯುತ್ತಿದ್ದರು. ಗೋಡೆ ಹಿಡಿಯದೆ ಬಚ್ಚಲಿಗೆ ಹೋಗಲಾರದ ನಮ್ಮ ಅತ್ತೆ! ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟರು. ಆಮೇಲೆ ಮಾವನಿಗೆ ಕೇಳುವಂತೆ, "ಹೌದೂಂದ್ರೆ, ಒಳ್ಳೆ ಕಂಪನಿ" ಎಂದರು.

ವಡಪಳನಿಯಲ್ಲಿ ನಡೆದದ್ದು ಇನ್ನೊಂದು ಬಗೆ. ಅಲ್ಲಿನ ಸಿನಿಮಾ ಸ್ಟುಡಿಯೋ ಕಡೆಯವರೊಬ್ಬರು ಬೈಕು ನಿಲ್ಲಿಸಿ, ಕನಸಿನ ಹಾಡೊಂದಕ್ಕೆ ಈ ಗಾಡಿ ಸಿಗುತ್ತದೆಯೇ ಎಂದು ಮಾವನನ್ನು ಕೇಳಿದರು. ಮಾವ ಬಾಯಿ ತೆರೆಯುವ ಮೊದಲೇ ಅತ್ತೆ ಹಿಂದಿನಿಂದ, "ಹೀರೋ ಯಾರು?" ಎಂದರು! ಹೆಸರು ಕೇಳಿ ಮೂಗು ಮುರಿದು, ಸಂಬಂಧ ಬೇಡವೆಂದು ಕಳಿಸಿಬಿಟ್ಟರು. ಗೋಪುರ ಕಾಣಿಸಿದಾಗ ನಿಜವಾದ ಸಂಕಟ ಶುರುವಾಯಿತು. ದೇವರ ಕಡೆಗೆ ಕಾಲು ಚಾಚಿಕೊಂಡು ಹೋಗುವುದುಂಟೇ? "ನಿಲ್ಲಿಸ್ರೀ! ತಿರುಗಿಸ್ರೀ!" ಎಂದು ಅತ್ತೆ ಕೂಗಿದರು. ಮಾವ ಇಳಿದು, ಗಾಡಿಯನ್ನು ಪೂರ್ತಿ ತಿರುಗಿಸಿ, ದೇವರಿಗೆ ಬೆನ್ನಾಗುವಂತೆ ಹಿಂದುಹಿಂದಕ್ಕೆ ನೂಕಿಕೊಂಡು ಹೊರಟರು. ಬೆನ್ನು ತೋರಿಸುವುದು ತಪ್ಪಲ್ಲವೇ ಎಂದು ಮಾವ ಏದುಸಿರಿನಲ್ಲೇ ಕೇಳಿದರೆ, "ಬೆನ್ನು ನೋಡಿ ಅವನಿಗೆ ಅಭ್ಯಾಸ ಇದೆ, ಎಲ್ರೂ ದರ್ಶನ ಮುಗಿಸಿ ವಾಪಸ್ ಹೋಗಲ್ವಾ?" ಎಂದು ಅತ್ತೆಯ ತೀರ್ಪು. ನಾನು ಮುಂದೆ ನಿಂತು ಆಟೋಗಳನ್ನು ಸರಿಸಿದೆ. ಹೂ ಮಾರುವವರು ಹೊಟ್ಟೆ ಹಿಡಿದುಕೊಂಡು ನಗುತ್ತಾ ಅತ್ತೆಯ ಮಡಿಲಿಗೆ ಒಂದು ಮೊಳ ಮಲ್ಲಿಗೆ ಹಾಕಿದರು.

ಮನೆಗೆ ಬಂದ ಮಾವ ಜಾಲತಾಣದಲ್ಲಿ ಹೊಗಳಿ ಬರೆದದ್ದೇ ಬರೆದದ್ದು. ಯಾವ ಕಂಪನಿಗೂ ಪೂರ್ತಿ ಅಂಕ ಕೊಡದ ಮನುಷ್ಯ, ಈ ಗಾಡಿ ಏರನ್ನು ತಾನಾಗಿ ಹತ್ತುತ್ತದೆ, ತುಳಿಯುವವನಿಗೆ ಆಯಾಸವೇ ತಿಳಿಯುವುದಿಲ್ಲ ಎಂದುಬಿಟ್ಟರು! ಮುಲಾಜಿಲ್ಲದ ಇನ್‌ಸ್ಪೆಕ್ಟರೆಂದು ಅಲ್ಲಿ ಅವರಿಗೆ ಹೆಸರಿತ್ತು, ಹಾಗಾಗಿ ಎಲ್ಲರೂ ನಂಬಿದರು. ಆ ಹುಡುಗಿಯ ಕಂಪನಿಗೆ ಹೊಸ ಗಿರಾಕಿಗಳು ಬಂದರು. ನನಗೋ ಒಳಗೊಳಗೇ ಗುಟ್ಟು ಕುದಿಯುತ್ತಿತ್ತು. ಅತ್ತೆ ಆಣೆ ಹಾಕಿಸಿಕೊಂಡಿದ್ದರು, "ಅವರಿಗೆ ಗೊತ್ತಾದ್ರೆ ಪೆಡಲೇ ಬಿಚ್ಚಿಸಿಬಿಡ್ತಾರೆ ಕಣೇ" ಎಂದು. ಅದು ಸುಳ್ಳೂ ಅಲ್ಲ.

ಹೀಗಿರುವಾಗ ಕೊಯಮತ್ತೂರಿನವರೊಬ್ಬರು ಮಾವನ ಮಾತು ನಂಬಿ ಅದೇ ಗಾಡಿ ತರಿಸಿ, ಜಾಲತಾಣದಲ್ಲಿ ಜಗಳಕ್ಕೆ ಬಂದರು. ಏರು ಬಂದರೆ ಆನೆಯನ್ನು ಎಳೆದ ಹಾಗಾಗುತ್ತದೆ, ನೀವು ಬರೆದದ್ದು ಶುದ್ಧ ಸುಳ್ಳು ಎಂದರು. ಅವತ್ತು ಸಂಜೆ ನಾನು ಅಲ್ಲೇ ಇದ್ದೆ. ಮಾವನ ಇಷ್ಟು ದಿನದ ಮರ್ಯಾದೆ ಹೋಯಿತಲ್ಲ ಎಂದುಕೊಂಡೆ. ಮಾವ ಸ್ವಲ್ಪವೂ ಅಲ್ಲಾಡದೆ, ಒಂದೊಂದೇ ಅಕ್ಷರ ಒತ್ತಿ ಉತ್ತರ ಬರೆದರು. ಬಗ್ಗಿ ಓದಿದೆ. "ನಿಮ್ಮ ಹಿಂದಿನ ಸೀಟಿನಲ್ಲಿ ಯಾರಿದ್ದಾರೆ?" ಎಂದಿತ್ತು.

ನಾನು ಮಾವನ ಮುಖ ನೋಡಿದೆ. ಅತ್ತೆ ಅಡುಗೆಮನೆಯಲ್ಲಿದ್ದರು.

"ನಿಮಗೆ ಗೊತ್ತಾ?" ಎಂದು ಪಿಸುಗುಟ್ಟಿದೆ.

"ಬರೀ ಓಡೋ ಸರಪಳಿಗೂ ಭಾರ ಎಳೆಯೋ ಸರಪಳಿಗೂ ಶಬ್ದ ಬೇರೆ ಕಣೇ. ಮೊದಲ್ನೇ ದಿನ ಗೇಟು ದಾಟಿದಾಗ್ಲೇ ಗೊತ್ತಾಯ್ತು."

"ಮತ್ತೆ ಆ ಕಂಪನಿನ ಹಾಗೆ ಹೊಗಳಿದ್ದು? ಸುಳ್ಳಲ್ವಾ ಮಾವ?"

"ಸುಳ್ಳೇ. ಇವರಿಗೆ ಕ್ಷಮಿಸಿ ಅಂತ ಬರೀತೀನಿ ಬಿಡು, ನನ್ನ ಹೆಸರು ಹೋದ್ರೆ ಹೋಗ್ಲಿ." ಮಾವ ಕನ್ನಡಕ ತೆಗೆದರು. "ಅವಳು ಬಿದ್ದಿದ್ದು ಈಗಲೂ ಕಣ್ಮುಂದೆ ಬರುತ್ತೆ ನಂಗೆ. ತುಳೀತಿದಾಳೆ ಅಂತ ಗೊತ್ತಿದೆ ಅಂದ್ಬಿಟ್ರೆ, ಬೇಡ ಅನ್ನದೆ ಇರೋಕೆ ನನ್ನ ಕೈಲಾಗಲ್ಲ. ಗೊತ್ತಿಲ್ಲ ಅಂತ ಇದ್ದುಬಿಟ್ರೆ ಅವಳ ಪಾಡಿಗೆ ಅವಳು ತುಳೀತಾಳೆ."

ಅಷ್ಟರಲ್ಲಿ ಅಡುಗೆಮನೆಯಿಂದ ಹೆಜ್ಜೆಯ ಸದ್ದು ಕೇಳಿಸಿತು. ಅತ್ತೆ ತಾವೇ ಕಾಫಿ ಬೆರೆಸಿ, ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈಯನ್ನು ಗೋಡೆಯ ಮೇಲೆ ಸವರಿಕೊಂಡು, ನಿಧಾನವಾಗಿ ಬರುತ್ತಿದ್ದರು. ನಡುಮನೆಯ ಮಧ್ಯದಲ್ಲಿ ಗೋಡೆ ಮುಗಿಯುತ್ತದೆ. ಅಲ್ಲಿಂದ ಮಾವನ ಮೇಜಿನವರೆಗೆ ಹಿಡಿಯಲು ಏನೂ ಇಲ್ಲ. ಅತ್ತೆ ಒಂದು ಗಳಿಗೆ ನಿಂತು, ಕೈ ಬಿಟ್ಟು, ಕಾಲು ಮುಂದಿಟ್ಟರು. ನಾನು ಏಳಲು ಹೋದೆ. ಮಾವ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. ಲೋಟ ಮೇಜಿನ ಮೇಲೆ ಬಂದು ಕೂರುವವರೆಗೂ ಅವರು ತಿರುಗಿ ನೋಡಲಿಲ್ಲ, ನನ್ನ ಕೈಯನ್ನೂ ಬಿಡಲಿಲ್ಲ.